ಬದನೆ ಎಲೆಗಳು ಬಾಯಿ ಮುಚ್ಚಿಕೊಂಡಿರತಕ್ಕ ಬಗ್ಗೆ

ಗಾಳಿ ಹಾಗೂ ಎಲೆ ಶಿಸ್ತುಪಾಲನಾ ಕಚೇರಿ
(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ವ್ಯಾಪ್ತಿ)

ಸಂಖ್ಯೆ: ಗಾಎಶಿ/ಬೂದಿ/ಬದನೆ/47/2024-25
ದಿನಾಂಕ: ಫೆಬ್ರುವರಿ ತಿಂಗಳ ಎರಡನೇ ಶುಕ್ರವಾರ

ವಿಷಯ: ಹುನ್ನೂರ ಸೀಮೆಯ ಬದನೆ ಎಲೆಗಳು ಅನುಮತಿಯಿಲ್ಲದೆ ನೀರು ಹೊರಬಿಡುತ್ತಿರುವ ಕುರಿತು.

ಉಲ್ಲೇಖ:
1. "ಸಾಲ್ಯಾಗ ಏಳನೇತ್ತಾ ದಾಟದಾಂವ ನಮಗ ಎಲಿ ಪಾಠ ಹೇಳಾಕ ಬಂದಾನ ನೋಡ್ರಿ. ಕುಂದರ್ಲೇ ಕೆಳಗ" ಎಂದು ಕಾಲುವೆ ಪಾಳಿ ಸಮಿತಿಯ ಅಧ್ಯಕ್ಷ ಶ್ರೀ ಬಾಳಾಸಾಹೇಬರು ಮಂಗಳವಾರದ ಸಭೆಯಲ್ಲಿ, ನಲವತ್ತು ಜನ ರೈತರ ಸಮಕ್ಷಮ, ಸಿದ್ದಾರೂಢ ಎಂಬ ಯುವಕನಿಗೆ ನೀಡಿದ ಮೌಖಿಕ ಆದೇಶ.
2. ಸದರಿ ಆದೇಶಕ್ಕೆ ಸಭೆಯು ನಕ್ಕು ನೀಡಿದ ಅನುಮೋದನೆ.

ಪ್ರಸ್ತಾವನೆ:
ಸದರಿ ಸಿದ್ದಾರೂಢನ ಒಂದು ಎಕರೆ ಬದನೆ ಹೊಲವು ಕಾರ್ಖಾನೆಯೊಂದರ ಚಿಮಣಿಯ ಬೂದಿ ಹೊತ್ತ ಗಾಳಿಗೆ ನೇರವಾಗಿ ಸಿಗುವ ಜಾಗದಲ್ಲಿದೆ. ಎಂಟು ದಿನಕ್ಕೊಮ್ಮೆ ಪಾಳಿಯ ನೀರು ಪಡೆದರೂ, ನಾಲ್ಕನೇ ದಿನಕ್ಕೇ ಅವನ ಗಿಡಗಳು ತಲೆ ಕೆಳಗೆ ಹಾಕುತ್ತಿವೆ. ಆದ್ದರಿಂದ ಅವನು ತನ್ನ ನೀರನ್ನು ಬೇರೆಯವರ ಹೊಲಕ್ಕೆ ತಿರುಗಿಸುತ್ತಿದ್ದಾನೆಂದು ಸಮಿತಿಯು ಕುಳಿತಲ್ಲೇ ಕಂಡುಕೊಂಡು, ನಾಳೆ ಶನಿವಾರದ ಅವನ ಪಾಳಿಯನ್ನು ತಡೆಹಿಡಿದಿದೆ. ಆ ನೀರು ತಪ್ಪಿದರೆ ಗಿಡದಲ್ಲಿರುವ ಹೂವೆಲ್ಲ ಉದುರಿ ಈ ಬೆಳೆ ಮುಗಿದಂತೆಯೇ ಎಂಬುದು ಕಚೇರಿಯ ಗಮನದಲ್ಲಿದ್ದು, ಗಮನದಲ್ಲಿಯೇ ಇರಿಸಿಕೊಳ್ಳಲಾಗಿದೆ.

ಸದರಿಯವನ ಹೇಳಿಕೆ ಇಂತಿದೆ: "ಎಲಿಗೆ ಕಣ್ಣಿಗೆ ಕಾಣದಂಥ ಸಣ್ಣ ಬಾಯಿ ಇರ್ತಾವ್ರೀ. ಬಿಸಲ ಜೋರಾತಂದ್ರ ನೀರ ಉಳಿಸ್ಕೊಳ್ಳಾಕ ತಾವ ಮುಚ್ಕೊಂತಾವ. ಬೂದಿ ಕುಂತಿತಂದ್ರ ಪೂರಾ ಮುಚ್ಚಾಂಗಿಲ್ಲ. ದೀಪದ ಬತ್ತಿ ಎಣ್ಣಿ ಎಳದಂಗ ಆ ಬೂದಿ ಒಳಗಿನ ನೀರ ಹೊರಗ ಎಳಿತೈತಿ." ಇದನ್ನು ಅವನು ಮೊಬೈಲಿನಲ್ಲಿ ಕೃಷಿ ವಿಜ್ಞಾನಿಯೊಬ್ಬರಿಂದ ಕೇಳಿದ್ದಾಗಿಯೂ, ತನ್ನ ತಾಯಿ ತಾಯವ್ವ ಒದ್ದೆ ಅರಿವೆಯಿಂದ ಎರಡು ಸಾಲು ಗಿಡ ಒರೆಸಿದಾಗ ಆ ಎರಡೇ ಸಾಲು ನೆಟ್ಟಗೆ ನಿಂತವೆಂದೂ ತಿಳಿಸಿರುತ್ತಾನೆ. ನೀರು ಎಲ್ಲರಿಗೂ ಒಂದೇ, ಬೂದಿ ಎಲ್ಲರಿಗೂ ಒಂದೇ ಅಲ್ಲ ಎಂಬ ಅವನ ಕೊನೆಯ ಮಾತು ನಗುವಿನ ಸದ್ದಿನಲ್ಲಿ ಕೇಳಿಸಿಲ್ಲವೆಂದು ದಾಖಲಿಸಲಾಗಿದೆ.

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಬದಿಗಿರಿಸಿ, ಈ ಕೆಳಗಿನಂತೆ ಕಟ್ಟಪ್ಪಣೆ ಮಾಡಿದೆ.

1. ಎಲೆಗಳ ಬಾಯಿಗಳು ಮಧ್ಯಾಹ್ನ 12ರಿಂದ 4ರವರೆಗೆ ಕಡ್ಡಾಯವಾಗಿ ಮುಚ್ಚಿರತಕ್ಕದ್ದು. ಬೂದಿ ಅಡ್ಡ ಬಂತೆಂಬ ನೆಪವನ್ನು ಪುರಸ್ಕರಿಸಲಾಗುವುದಿಲ್ಲ.

2. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ಮೇಲೆ ಬಿದ್ದದ್ದು ಮಾತ್ರ ಬೂದಿ. ಎಲೆಯ ಮೇಲೆ ಬಿದ್ದದ್ದು ಬೂದಿಯಲ್ಲ. ಏಕೆಂದರೆ ಚಿಮಣಿಯ ಪರವಾನಗಿಯಲ್ಲಿ ಎಲೆಯ ಪ್ರಸ್ತಾಪವೇ ಇಲ್ಲ.

3. ಶ್ರೀಮತಿ ತಾಯವ್ವ ಒರೆಸಿದ ಎರಡು ಸಾಲುಗಳು ನೆಟ್ಟಗೆ ನಿಂತು, ಉಳಿದ ಸಾಲುಗಳಲ್ಲಿ ಅಸಮಾಧಾನ ಹುಟ್ಟಿಸುತ್ತಿವೆ. ಸದರಿಯವರು ಒರೆಸಿ ತೆಗೆದ ಬೂದಿಯನ್ನು ಮೂರು ದಿನದೊಳಗೆ, ಯಾವ ಎಲೆಯದು ಆ ಎಲೆಗೇ, ಮರಳಿ ಹಚ್ಚತಕ್ಕದ್ದು.
(ಅ) ಒರೆಸಿದ ಅರಿವೆಯನ್ನು ಜಪ್ತಿ ಮಾಡಲಾಗಿದೆ. ಅದು ಅವರ ಹಳೆಯ ಸೀರೆಯ ತುಂಡೆಂದೂ, ಮಿಕ್ಕ ಸೀರೆಯನ್ನು ಅವರು ಉಟ್ಟಿದ್ದಾರೆಂದೂ ತಿಳಿದುಬಂದಿದ್ದು, ಮುಂದಿನ ಕ್ರಮವನ್ನು ಕೈಬಿಡಲಾಗಿದೆ.

4. ಹೊರೆ ಒಬ್ಬನ ಮೇಲೇ ಬೀಳಬಾರದೆಂಬ ಕಾಳಜಿಯಿಂದ, ಗಾಳಿಯು ಸೋಮವಾರ ಮುಧೋಳದ ಕಡೆಗೆ, ಬುಧವಾರ ಬೀಳಗಿಯ ಕಡೆಗೆ, ಗುರುವಾರ ರಬಕವಿ-ಬನಹಟ್ಟಿಯ ಕಡೆಗೆ ಬೀಸತಕ್ಕದ್ದು. ಅಂದು ಅಲ್ಲಿಯ ನೇಕಾರರ ಮಗ್ಗದಿಂದಿಳಿಯುವ ಬಿಳಿ ಸೀರೆಗಳನ್ನು ಬೂದು ಬಣ್ಣದವೆಂದೇ ನಮೂದಿಸತಕ್ಕದ್ದು. ರವಿವಾರ ಗಾಳಿಗೆ ರಜೆ.

5. ಬಾಡಿದ ಎಲೆಗಳ ಪರಿಶೀಲನೆಯು ಬೆಳಗಿನ ಆರು ಗಂಟೆಗೆ, ಅಂದರೆ ಎಲೆಗಳು ರಾತ್ರಿಯ ತಂಪಿಗೆ ಚೇತರಿಸಿಕೊಂಡು ನಿಂತಿರುವಾಗ, ನಡೆಯುವುದು. ಬೂದಿ ಕಣ್ಣಿಗೆ ಬೀಳುವುದರಿಂದ ಪರಿಶೀಲನಾಧಿಕಾರಿಗಳು ಜೀಪಿನ ಗಾಜು ಇಳಿಸುವುದಿಲ್ಲ.

6. "ನನ್ನ ಎಲೆಗಳಿಗೆ ಬಾಯಿ ಇಲ್ಲ, ನಾನು ಸಭೆಯಲ್ಲಿ ಹೇಳಿದ್ದು ಸುಳ್ಳು, ನೀರನ್ನು ನಾನೇ ತಿರುಗಿಸಿದ್ದೇನೆ" ಎಂಬ ಮುಚ್ಚಳಿಕೆಗೆ ಸಿದ್ದಾರೂಢನು ಸಹಿ ಮಾಡಿದಲ್ಲಿ, ನಾಳೆಯ ಪಾಳಿಯನ್ನು ದೊಡ್ಡ ಮನಸ್ಸಿನಿಂದ ಬಿಡಲಾಗುವುದು. ತಪ್ಪಿದಲ್ಲಿ ಈ ಹಂಗಾಮು ಮುಗಿಯುವವರೆಗೆ ಅವನ ಹೊಲಕ್ಕೆ ನೀರಿಲ್ಲ.

ಈ ಆದೇಶವು ಚಿಮಣಿಗೆ ಅನ್ವಯಿಸುವುದಿಲ್ಲ.

(ಸಹಿ ಇದೆ, ಓದಲು ಬರುವುದಿಲ್ಲ)
ಪ್ರಭಾರ ಅಧಿಕಾರಿ
ಗಾಳಿ ಹಾಗೂ ಎಲೆ ಶಿಸ್ತುಪಾಲನಾ ಕಚೇರಿ

ಪ್ರತಿಗಳು:
1. ಎಲ್ಲ ಬದನೆ ಗಿಡಗಳಿಗೆ, ಬುಡಕ್ಕೆ ಕಟ್ಟಲು.
2. ಗಾಳಿಗೆ, ಮಾಹಿತಿಗಾಗಿ ಹಾಗೂ ಕಟ್ಟುನಿಟ್ಟಿನ ಪಾಲನೆಗಾಗಿ.
3. ಚಿಮಣಿಯ ಮಾಲೀಕರಿಗೆ, ಗೌರವಪೂರ್ವಕವಾಗಿ, ಹೂವಿನ ಹಾರದೊಂದಿಗೆ.
4. ಶ್ರೀ ಬಾಳಾಸಾಹೇಬರಿಗೆ, ಚೌಕಟ್ಟು ಹಾಕಿಸಲು.
5. ಸಿದ್ದಾರೂಢನಿಗೆ, ಖುದ್ದಾಗಿ. ಷರಾ: ಇಂದು ಅದೇ ಸಮಿತಿಯ ಸಭೆಯಲ್ಲಿ ಈ ಸುತ್ತೋಲೆಯನ್ನು ಓದಿ ಹೇಳಿ, ಅಧ್ಯಕ್ಷರು ಖುದ್ದು ಪೆನ್ನಿನ ಟೊಪ್ಪಿಗೆ ತೆಗೆದು ಅವನ ಮುಂದೆ ಹಿಡಿದು, "ಸಹಿ ಮಾಡೋ ತಮ್ಮಾ, ನಾಳೆ ನೀರ ಬರ್ತಾವ. ಸುಮ್ನ ಯಾಕ ಹಟಾ ಮಾಡ್ತಿ" ಎಂದಿರುತ್ತಾರೆ. ಈ ಸಲ ಸಭೆಯಲ್ಲಿ ಯಾರೂ ನಕ್ಕಿಲ್ಲ. ಸದರಿಯವನು ಪೆನ್ನನ್ನೊಮ್ಮೆ, ಅಧ್ಯಕ್ಷರನ್ನೊಮ್ಮೆ ನೋಡಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಸಹಿ ಮಾಡದೆ ನಡೆದುಹೋಗಿರುತ್ತಾನೆ.