ತಪ್ಪುಕಾಣಿಕೆಯ ಜಿರಾಫೆ

ನ್ಯಾಯಸ್ಥಾನದಲ್ಲಿ ನಿಂತು "ನಾನು ಕಣ್ಣಾರೆ ಕಂಡೆ" ಎಂದು ಎದೆತಟ್ಟಿ ಸಾಕ್ಷಿ ಹೇಳುವವರನ್ನು ನೋಡಿದರೆ ನನಗೆ ಭಯವೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಕಂಡದ್ದೇನೋ ಸರಿ, ಕಂಡದ್ದು ಅಂದಿನಿಂದ ಇಂದಿನವರೆಗೆ ಕೆಡದೆ ಉಳಿದಿದೆಯೆಂದು ಇವರಿಗೆ ಹೇಗೆ ಗೊತ್ತು? ನನ್ನ ನೆನಪು ಜಾಣ ಅಡಿಗೆಯವನ ಹಾಗೆ. ನಿನ್ನೆಯ ಅನ್ನಕ್ಕೆ ಒಗ್ಗರಣೆ ಕೊಟ್ಟು ಇಂದು ಬಿಸಿಬಿಸಿಯಾಗಿ ಬಡಿಸುತ್ತದೆ. ನಾನೂ ಇಂದಿನದೇ ಎಂದುಕೊಂಡು ತಿನ್ನುತ್ತೇನೆ. ಈ ಅಪನಂಬಿಕೆಯಿಂದಲೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದವನು ನಾನು. ಆ ದಿನಚರಿಯೂ ಕೈಕೊಟ್ಟ ಬಗೆಯನ್ನು ಹೇಳುವ ಮೊದಲು ಇನ್ನೊಂದು ಸಂಗತಿಯನ್ನು ಒಪ್ಪಿಕೊಂಡುಬಿಡುತ್ತೇನೆ. ಬಿ.ಎ. ಪಾಸು ಮಾಡಿ, ಮೀಸೆ ಬಿಟ್ಟು, ಭದ್ರಾವತಿಯಲ್ಲಿ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿರುವ ನಾನು, ಆಟಿಕೆಯ ಪ್ರಾಣಿಗಳನ್ನು ಕೂಡಿಡುತ್ತೇನೆ.

ಹೆಬ್ಬೆರಳಿಗಿಂತ ದೊಡ್ಡದು ನನಗೆ ಬೇಡ. ಸೀಸದ ಹುಲಿ, ಪಿಂಗಾಣಿಯ ನಾಯಿ, ಅರಗಿನ ಬಣ್ಣದ ಮರದಾನೆ, ಹೊಟ್ಟೆ ನೆಗ್ಗಿದ ಸೆಲ್ಯುಲಾಯ್ಡ್ ಬಾತುಕೋಳಿ, ಹೀಗೆ ನಮ್ಮ ಕ್ವಾರ್ಟರ್ಸಿನ ಗೋಡೆಯ ಗೂಡಿನಲ್ಲಿ ಒಂದು ಸಂಸಾರವೇ ನಿಂತಿದೆ. ಇದರಲ್ಲೇನು ಸುಖ ಎಂದು ಕೇಳುವವರು ನನ್ನ ಆಫೀಸನ್ನು ನೋಡಿಲ್ಲ. ಅಲ್ಲಿ ನನಗಿಂತ ಚಿಕ್ಕವರು ಯಾರೂ ಇಲ್ಲ. ಒಳಕೋಣೆಯಲ್ಲಿ ಮ್ಯಾನೇಜರು ಕೆಮ್ಮಿದರೆ ಹೊರಗೆ ನನ್ನ ಮಸಿಕುಡಿಕೆ ನಡುಗುತ್ತದೆ. ಅಂಥವನು ಸಂಜೆ ಮನೆಗೆ ಬಂದು, ಹುಲಿಯನ್ನು ಬಾಲ ಹಿಡಿದೆತ್ತಿ, ಅದರ ಕಾಲಡಿಯ ಧೂಳೊರೆಸಿ, ಮತ್ತೆ ಜಿಂಕೆಯ ಪಕ್ಕಕ್ಕೆ ನಿಲ್ಲಿಸುತ್ತಾನೆ. ಹುಲಿ ಏನೂ ಅನ್ನುವುದಿಲ್ಲ. ಆ ಗೂಡಿನಲ್ಲಿ ಆನೆಯೂ ಬಾತುಕೋಳಿಯೂ ಒಂದೇ ಎತ್ತರ. ಯಾರಿಗೂ ಬಡ್ತಿಯಿಲ್ಲ.

ಎಲ್ಲಕ್ಕೂ ಕಳಶವಿಟ್ಟಂತಿದ್ದದ್ದು ಜಿರಾಫೆ. ಅದನ್ನು ಕೊಂಡದ್ದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಬಳೆ ಬಾಚಣಿಗೆಗಳ ಜೊತೆಗೆ ಆಟಿಕೆ ಮಾರುವ ಸಾಹೇಬರ ಅಂಗಡಿಯಲ್ಲಿ. "ಅಸಲೀ ಜರ್ಮನ್ ಮಾಲ್ ಸ್ವಾಮಿ. ವಿಲಾಯ್ತಿ ಒಂಟೆ! ಈಗ ಲಡಾಯಿ ಶುರು ಆಗ್ಯದೆ, ಇನ್ನು ಇಂಥಾದ್ದು ಬರಂಗಿಲ್ಲ," ಎಂದರು. ಮೈಮೇಲಿನ ಮಚ್ಚೆಗಳನ್ನು ಯಾರೋ ಒಂದೊಂದಾಗಿ ಕೂದಲೆಳೆಯ ಕುಂಚದಿಂದ ಬರೆದಿದ್ದರು. "ಮಗೂಗೆ ತಾನೆ?" ಎಂದು ಸಾಹೇಬರು ಕೇಳಿದಾಗಲೆಲ್ಲ ನಾನು ಹೌದೆನ್ನುತ್ತೇನೆ. ನಮಗಿನ್ನೂ ಮಕ್ಕಳಿಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ಹಿಂದಿನ ಸಲ ಹೇಳಿದ್ದು ಮರೆತು ಬೇರೆ ಏನೋ ಹೇಳುತ್ತೇನೆ. ಅವರ ಲೆಕ್ಕದಲ್ಲಿ ನಾನೊಬ್ಬ ತುಂಬು ಸಂಸಾರಿ.

ಇಷ್ಟು ನೆಮ್ಮದಿಯಾಗಿದ್ದ ಗೂಡಿಗೆ ಕಲ್ಲು ಬಿದ್ದದ್ದು ನಮ್ಮ ಕೆಂಪಿಯಿಂದ. ಕೆಂಪಿ ನನ್ನ ಹೆಂಡತಿ ನೀಲಮ್ಮನಿಗೆ ತವರಿನಿಂದ ಬಂದ ಹಸು. ಚೊಚ್ಚಲ ಗಬ್ಬ. ದಿನ ತುಂಬಿ ಮೀರಿದರೂ ಕರು ಹಾಕಲಿಲ್ಲ, ಹುಲ್ಲು ಮುಟ್ಟಲಿಲ್ಲ, ಮಲಗಿದ್ದಲ್ಲೇ ಭಾರವಾಗಿ ಉಸಿರು ಬಿಡುತ್ತಿತ್ತು. ನೀಲಮ್ಮನೂ ಊಟ ಬಿಟ್ಟಳು. ದನದ ಡಾಕ್ಟರು ನೋಡಿ, "ಕಾಯಬೇಕು" ಎಂದರು. ಕಾಯುವುದು ನನಗೆ ಬಾರದ ವಿದ್ಯೆ. ಆಫೀಸಿನಲ್ಲಿ ಕುಳಿತರೆ ಕೆಂಪಿಯ ಉಸಿರು ಕೇಳಿಸುತ್ತಿತ್ತು. ಕೊಟ್ಟಿಗೆಯಲ್ಲಿ ನಿಂತರೆ ಮ್ಯಾನೇಜರ ಕೆಮ್ಮು.

ಆಗ ಬಂದಳು ಕುಪ್ಪಮ್ಮ. ಪಕ್ಕದ ಮನೆಯವಳು, ಗಂಡ ಕುಲುಮೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದವನು. ಹಸುವನ್ನು ನೋಡಿ ಮರುಗಿ, ನೀರು ಕುಡಿಯಲು ಒಳಗೆ ಬಂದವಳ ಕಣ್ಣು ಗೂಡಿನ ಮೇಲೆ ಬಿತ್ತು. ಹುಲಿಯ ಹಿಂದೆ ನಿಂತಿದ್ದ, ಒಂದು ಕಿವಿ ಮುರಿದ ಮಣ್ಣಿನ ಹಸುವನ್ನು ತೋರಿಸಿ ಕೂಗಿಕೊಂಡಳು.

"ಐಯ್ಯಯ್ಯೋ ನೀಲಮ್ಮಾ! ಸಾಮಿ ಮಾಡು!"

"ಏನ್ ಮಾಡ್ಲಿ?"

"ಮಾಡು, ಮಾಡು!"

"ಅದೇ, ಏನ್ ಮಾಡ್ಲಿ ಹೇಳೇ ಮಾರಾಯ್ತಿ!"

ತಮಿಳಿನಲ್ಲಿ ಮಾಡು ಎಂದರೆ ದನ, ಸಾಮಿ ಮಾಡು ಎಂದರೆ ದೇವರ ದನ ಎಂಬುದು ನನಗೆ ಹೊಳೆದು, ನಾನು ಬಿಡಿಸಿ ಹೇಳುವ ಹೊತ್ತಿಗೆ ಇಬ್ಬರೂ ಅಳುವ ಹಂತಕ್ಕೆ ಬಂದಿದ್ದರು. ಕುಪ್ಪಮ್ಮನ ಮಾತಿನ ಸಾರ ಇಷ್ಟು: ಶಿವಮೊಗ್ಗದ ದಾರಿಯಲ್ಲಿ, ಮಾಚೇನಹಳ್ಳಿಯ ಹತ್ತಿರ, ಒಂದು ಮರವಿದೆ. ದನಕ್ಕೆ ಕಾಯಿಲೆಯಾದರೆ ಜನ ಹರಕೆ ಹೊತ್ತು, ವಾಸಿಯಾದ ಮೇಲೆ ಇಂಥ ಮಣ್ಣಿನ ಹಸುವನ್ನು ಅದರ ಬುಡದಲ್ಲಿ ಇಡುತ್ತಾರೆ. "ಅದನ್ನ ಎತ್ಕೊಂಡು ಮನೆಗೆ ತಂದ್ರೆ, ದನಾನ ಬಿಟ್ಟು ಹೋದ ನೋವೂ ಪಿಂದೇನೇ ಬರ್ತದೆ ಸಾಮಿ!"

ನೀಲಮ್ಮ ನನ್ನ ಕಡೆ ತಿರುಗಿದಳು. "ಎಲ್ಲಿಂದ ತಂದ್ರಿ ಇದನ್ನ?"

"ಕೊಂಡುಕೊಂಡೆ."

"ಅವತ್ತು 'ನೋಡೇ, ಇದು ಸಿಕ್ತು' ಅಂದ್ರಿ."

ಸಿಕ್ಕಿತು ಎಂಬ ಮಾತು ಎಷ್ಟು ಮೋಸದ್ದು ನೋಡಿ. ಅಂಗಡಿಯಲ್ಲಿ ಅಕ್ಕಿಯೂ ಸಿಕ್ಕುತ್ತದೆ, ದಾರಿಯಲ್ಲಿ ಬಿದ್ದ ಕಾಸೂ ಸಿಕ್ಕುತ್ತದೆ. ನಾನು ಕಣ್ಣು ಮುಚ್ಚಿ ನೆನೆದೆ. ಶಿವಮೊಗ್ಗದ ಸಂತೆಯಲ್ಲಿ ಕುಂಬಾರಗಿತ್ತಿಯೊಬ್ಬಳು, "ಕಿವಿ ಮುರಿದೈತೆ, ಏನಾದ್ರೂ ಕೊಟ್ಟು ತಗಳ್ರಿ" ಎಂದು ನನ್ನ ಕೈಗೆ ಹಾಕಿದ್ದು ಸ್ಪಷ್ಟವಾಗಿ ಕಾಣಿಸಿತು. ಅದರ ಬೆನ್ನಿಗೇ ಇನ್ನೊಂದು: ಸೈಕಲ್ಲು ಪಂಕ್ಚರಾಗಿ ಯಾವುದೋ ಮರದಡಿ ಕುಳಿತಿದ್ದೇನೆ; ಧೂಳಿನಲ್ಲಿ ಕಿವಿ ಮುರಿದ ಹಸು ಅಡ್ಡ ಬಿದ್ದಿದೆ; ಕೈ ತಾನಾಗಿ ಅದನ್ನೆತ್ತಿ ಜೇಬಿಗೆ ಹಾಕುತ್ತದೆ. ಇದೂ ಅಷ್ಟೇ ಸ್ಪಷ್ಟ. ಎರಡರಲ್ಲೂ ನಾನು ಕಂದು ಕೋಟು ತೊಟ್ಟಿದ್ದೆ. ಆದರೆ ನನಗಿರುವುದು ಒಂದೇ ಕೋಟು, ಅದರ ಸಾಕ್ಷಿ ನಡೆಯುವುದಿಲ್ಲ. ಕೊನೆಗೆ ದಿನಚರಿಯನ್ನು ತೆಗೆದೆ. ಹಸು ಮನೆಗೆ ಬಂದ ದಿನ ಮೋಡದ ವಿಷಯವಾಗಿ, ಮನುಷ್ಯನ ಒಂಟಿತನದ ವಿಷಯವಾಗಿ ಒಂದು ಪುಟ ತುಂಬ ಬರೆದಿದ್ದೆ. ಕೊನೆಯಲ್ಲಿ, ನನ್ನದೇ ಮುದ್ದಾದ ಅಕ್ಷರದಲ್ಲಿ: "ಇಂದು ಒಂದು ಮಣ್ಣಿನ ಹಸು ಸಿಕ್ಕಿತು."

"ಇದೆಲ್ಲ ಮೂಢನಂಬಿಕೆ ನೀಲಾ," ಎಂದೆ.

"ಆಗ್ಲಿ. ಕೆಂಪಿಗೆ ಏನಾದ್ರೂ ಆದ್ರೆ ಆ ಮಾತನ್ನ ಇನ್ನೊಂದ್ಸಲ ಹೇಳ್ತೀರಾ?"

ಹೇಳಲಾರೆ ಎಂದು ನನಗೆ ಗೊತ್ತಿತ್ತು. ನನ್ನ ವಿಚಾರಶಕ್ತಿ ಎಲ್ಲರ ಹಸುಗಳೂ ಆರೋಗ್ಯವಾಗಿರುವಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅವಳ ನೆಮ್ಮದಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡು ಕೋಟು ತೊಟ್ಟೆ. ಆದರೆ ನೀಲಮ್ಮ ಅಷ್ಟಕ್ಕೇ ಬಿಡಲಿಲ್ಲ. ದೇವರದ್ದನ್ನು ತಿರುಗಿ ಕೊಡುವಾಗ ಬರಿಗೈಲಿ ಹೋಗಬಾರದು. ತಪ್ಪುಕಾಣಿಕೆಯೆಂದು ನಮ್ಮದೊಂದನ್ನು ಜೊತೆಗಿಡಬೇಕು ಎಂದಳು. ನಾನು ತಕ್ಷಣ ಬಾತುಕೋಳಿಗೆ ಕೈಹಾಕಿದೆ.

"ಹೊಟ್ಟೆ ನೆಗ್ಗಿದ್ದನ್ನ ಕೊಡ್ತೀರಾ?"

ಪಿಂಗಾಣಿ ನಾಯಿಯನ್ನು ಮುಟ್ಟಿದೆ. ಅವಳು ಕೊಟ್ಟಿಗೆಯ ಕಡೆ ನೋಡಿದಳು. ಅಲ್ಲಿಂದ ಆ ಉಸಿರು ಕೇಳುತ್ತಿತ್ತು. ನಾನು ಜಿರಾಫೆಯನ್ನು ಎತ್ತಿಕೊಂಡೆ.

ಮಾಚೇನಹಳ್ಳಿಯವರೆಗೆ ಸೈಕಲ್ಲಿನ ಮೇಲೆ ಒಂದು ಜೇಬಿನಲ್ಲಿ ಹಸು, ಇನ್ನೊಂದರಲ್ಲಿ ಜಿರಾಫೆ. ಮರವನ್ನು ಕಂಡರೆ ನೆನಪು ಇತ್ಯರ್ಥವಾಗುತ್ತದೆಂಬ ಆಸೆಯಿತ್ತು. ಆಗಲಿಲ್ಲ. ಬುಡದಲ್ಲಿ ಮಣ್ಣಿನ ಹಸುಗಳ ದೊಡ್ಡ ಮಂದೆಯೇ ಇತ್ತು. ಬಿಸಿಲು ಮಳೆಗೆ ಬಹುಪಾಲು ಎಲ್ಲದರ ಕಿವಿಯೂ ಮುರಿದಿತ್ತು. ನಾನು ಬಗ್ಗಿ ನನ್ನ ಹಸುವನ್ನು ನಿಲ್ಲಿಸುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿತು.

"ಏಯ್! ಏನ್ ತಗಂತಿದೀಯಪ್ಪ ಅಲ್ಲಿ?"

ದನ ಮೇಯಿಸುವ ಒಬ್ಬ ಅಜ್ಜಿ, ಕೈಯಲ್ಲಿ ಕೋಲು.

"ತಗೊಳ್ತಿಲ್ಲ ಅಜ್ಜಿ. ಇಡ್ತಾ ಇದೀನಿ."

"ಕೋಟು ಹಾಕ್ಕಂಡೋರೆಲ್ಲ ಹಂಗೇ ಅನ್ನದು." ಹತ್ತಿರ ಬಂದು ನನ್ನ ಅಂಗೈಯಲ್ಲಿದ್ದುದನ್ನು ನೋಡಿದಳು. ಕೋಲು ಕೆಳಗಿಳಿಯಿತು. "ಇದ್ಯಾವ ದನ ಮಾರಾಯ? ಕುತ್ತಿಗೆ ಯಾಕೆ ಹಿಂಗೆ ಎಳ್ಕಂಡೈತೆ?"

ಆಫ್ರಿಕಾ ಖಂಡದಿಂದ ಆರಂಭಿಸಿ ವಿವರಿಸುವ ತ್ರಾಣ ನನ್ನಲ್ಲಿರಲಿಲ್ಲ.

"ಗಂಟ್ಲು ಬ್ಯಾನೆ ಇರ್ಬೇಕು. ಪಾಪ, ಮೈತುಂಬ ಮಚ್ಚೆ ಬೇರೆ ಎದ್ದೈತೆ. ಬದುಕ್ತಾ?"

"ಬದುಕಿದೆ ಅಜ್ಜಿ," ಎಂದೆ.

"ಅಂಥಾ ಬ್ಯಾನೇಲಿ ಬದುಕಿದ್ರೆ ದೊಡ್ಡದು ಬಿಡು," ಎಂದು ಅವಳೇ ಅದನ್ನು ತೆಗೆದುಕೊಂಡು ಮಂದೆಯ ನಡುವೆ, ಎಲ್ಲಕ್ಕಿಂತ ಎತ್ತರವಾಗಿ, ನಿಲ್ಲಿಸಿದಳು.

ಮನೆ ಮುಟ್ಟುವಾಗ ನೀಲಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ಹೆಣ್ಗರು! ಎದ್ದು ನಿಂತಿದೆ. ಕೆಂಪೀನೂ ಹುಲ್ಲು ಮುಟ್ಟಿದ್ಲು!"

ನನ್ನ ಎದೆಯಿಂದ ಒಂದು ಕಬ್ಬಿಣದ ಗಟ್ಟಿ ಇಳಿದ ಹಾಗಾಯಿತು. "ಯಾವಾಗ?" ಎಂದು ಕೇಳಿದೆ.

"ನಿಮ್ಮ ಸೈಕಲ್ಲು ಆ ತಿರುವು ದಾಟಿತ್ತೋ ಇಲ್ವೋ, ಅಷ್ಟರಲ್ಲೇ."

ಕೊಟ್ಟಿಗೆಯ ಕಡೆ ಹೊರಟಿದ್ದವನು ನಿಂತೆ. "ಅಂದರೆ ನಾನು ಮರ ಮುಟ್ಟುವ ಮೊದಲೇ ಆಯಿತಲ್ಲ. ಹಾಗಿದ್ದರೆ ಆ ಜಿರಾಫೆ..."

"ಜಿರಾಫೆ ವಿಚಾರ ಎತ್ತಿದ್ರೆ ನಿಮಗೆ ಗಿಣ್ಣು ಸಿಕ್ಕಲ್ಲ."

ಇಲ್ಲಿ ಸಿಕ್ಕುವುದೆಂದರೆ ಏನೆಂಬುದರಲ್ಲಿ ಸಂದೇಹವಿರಲಿಲ್ಲ. ಬಾಯಿ ಮುಚ್ಚಿಕೊಂಡು ಗಿಣ್ಣು ತಿಂದೆ.

ಇದಾಗಿ ಕೆಲವು ವಾರಗಳ ಮೇಲೆ, ಇವತ್ತು ಶಿವಮೊಗ್ಗದಿಂದ ಹಿಂದಿರುಗುವಾಗ ಆ ಮರದ ಹತ್ತಿರ ಸೈಕಲ್ಲು ತಾನಾಗಿ ನಿಂತಿತು. ಜಿರಾಫೆ ಅಲ್ಲೇ ಇತ್ತು. ಹಣೆಗೆ ಕುಂಕುಮ, ಆ ಉದ್ದ ಕತ್ತಿಗೆ ಅರಿಸಿನದ ದಾರ. ಅಷ್ಟೇ ಆಗಿದ್ದರೆ ಸಂತೋಷಪಟ್ಟು ಬರುತ್ತಿದ್ದೆ. ಅದರ ಪಕ್ಕದಲ್ಲಿ ಹೊಸದಾಗಿ ಸುಟ್ಟ ಮಣ್ಣಿನ ಹಸುವೊಂದು ನಿಂತಿತ್ತು; ಯಾರದೋ ದನಕ್ಕೆ ಗಂಟಲು ಬೇನೆ ವಾಸಿಯಾಗಿರಬೇಕು. ಹಸುವಿನ ಮುಖ, ಹಸುವಿನ ಕೊಂಬು, ಜಿರಾಫೆಯ ಕುತ್ತಿಗೆ. ಮೈಮೇಲೆ ಸುಣ್ಣದ ಚುಕ್ಕೆ. ಎರಡೂ ಕಿವಿ ಇದ್ದುವು! ಜರ್ಮನಿಯಲ್ಲಿಲ್ಲ, ಗಾಂಧಿ ಬಜಾರಿನಲ್ಲಿಲ್ಲ, ಪ್ರಪಂಚದಲ್ಲಿ ಇಂಥದು ಇದೊಂದೇ. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಸುತ್ತಮುತ್ತ ಅಜ್ಜಿಯೂ ಇರಲಿಲ್ಲ.

ಮನೆಗೆ ಬಂದವನೇ ದಿನಚರಿ ತೆಗೆದು ಬರೆದೆ: "ಇಂದು ಆ ಮರದಡಿಯಿಂದ ಏನನ್ನೂ ಎತ್ತಿಕೊಳ್ಳಲಿಲ್ಲ." ಸಿಕ್ಕಿತು ಎಂಬ ಮಾತನ್ನು ಬೇಕೆಂದೇ ಬಳಸಲಿಲ್ಲ. ನೀಲಮ್ಮ ಅದನ್ನು ಓದಿದಳು. ಓದಿ, ಗೂಟದಲ್ಲಿದ್ದ ಕೋಟಿನ ಎರಡೂ ಜೇಬುಗಳಿಗೆ ಕೈಹಾಕಿ ನೋಡಿದಳು. ನಾನು ತಪ್ಪು ತಿಳಿಯಲಿಲ್ಲ. ಬರೆಯುವುದಕ್ಕೆ ಕೂರುವ ಮೊದಲು ನಾನೂ ಒಮ್ಮೆ ನೋಡಿಕೊಂಡಿದ್ದೆ.