ಒಂದು ಚೊಂಬು ಗಾಳಿಯ ನೀರು

ಮನುಷ್ಯನಾದವನು ತಾನು ಮಾಡುವ ಕೆಲಸ ಏನೆಂಬುದನ್ನು ಕೇಳಿದವರಿಗೆ ಒಂದೇ ಉಸಿರಿನಲ್ಲಿ ಹೇಳುವಂತಿರಬೇಕು. ಮೇಷ್ಟರು ಪಾಠ ಹೇಳುತ್ತಾರೆ, ದರ್ಜಿ ಬಟ್ಟೆ ಹೊಲಿಯುತ್ತಾನೆ, ಕಮ್ಮಾರ ಕುಡುಗೋಲು ಬಡಿಯುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಕೇಳಿದವರು ತಲೆಯಾಡಿಸಿ ಮುಂದಿನ ವಿಷಯಕ್ಕೆ, ಎಂದರೆ ಮಳೆಯ ವಿಷಯಕ್ಕೆ, ಹೋಗುತ್ತಾರೆ. ನನ್ನ ಹಣೆಯಲ್ಲಿ ಆ ಸುಖ ಬರೆದಿರಲಿಲ್ಲ. ಯುದ್ಧದ ಕಾಲದಲ್ಲಿ ಹೊಸಕೋಟೆಯ ಹೊರಗೆ ಮಿಲಿಟರಿ ಲಾರಿಗಳ ರಿಪೇರಿಗೆಂದು ಎದ್ದುನಿಂತ ವರ್ಕ್‌ಶಾಪಿನಲ್ಲಿ ನಾನು ಮಾಡುತ್ತಿದ್ದ ಕೆಲಸ ಗಾಳಿ ಒಣಗಿಸುವುದು. ಹೀಗೆಂದ ಕೂಡಲೇ ಕೇಳಿದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಜೊತೆಗೆ ಬಂದವರ ಮುಖ ನೋಡುತ್ತಿದ್ದರು. ರಾಗಿ ಒಣಗಿಸುವುದು ಅವರಿಗೆ ಗೊತ್ತು, ಹಪ್ಪಳ ಒಣಗಿಸುವುದು ಗೊತ್ತು. ಇವನ್ನೆಲ್ಲ ಒಣಗಿಸುವುದೇ ಗಾಳಿ. ಆ ಗಾಳಿಯನ್ನೇ ಒಣಗಿಸುತ್ತೇನೆ ಎನ್ನುವವನಿಗೆ ಹೆಣ್ಣು ಕೊಡುವುದು ಹಾಗಿರಲಿ, ಅವನ ಮನೆಯಿಂದ ಹೆಣ್ಣು ತರುವುದಕ್ಕೂ ಜನ ಹಿಂದುಮುಂದು ನೋಡುತ್ತಾರೆ. ಇದು ನನಗೆ ಅನುಭವಕ್ಕೆ ಬಂದ ಮಾತು.

ಹಾಗೆಂದು ನನಗೆ ನನ್ನ ಕೆಲಸದ ಬಗ್ಗೆ ನಾಚಿಕೆಯಿತ್ತೆಂದು ತಿಳಿಯಬೇಡಿ. ಹೆಮ್ಮೆಯಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ನಮ್ಮಲ್ಲಿ ರಿಪೇರಿಯಾದ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದವನು ಖಾದರ್. ಬ್ರಷ್ಷಿನಲ್ಲಲ್ಲ, ಪಿಸ್ತೂಲಿನ ಆಕಾರದ ಒಂದು ಗನ್ನಿನಲ್ಲಿ. ಕಂಪ್ರೆಸರ್ ಎಂಬ ಯಂತ್ರ ಗಾಳಿಯನ್ನು ಒತ್ತಿ ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಆ ಗಾಳಿ ಕೊಳವೆಯಲ್ಲಿ ಬಂದು ಬಣ್ಣವನ್ನು ತುಂತುರಾಗಿ ಎರಚುತ್ತದೆ. ತೊಂದರೆಯೆಂದರೆ ಗಾಳಿಯಲ್ಲಿ ನೀರಿದೆ. ಇಲ್ಲವೆನ್ನುವವರು ಬೆಳಗ್ಗೆ ಎದ್ದು ಹುಲ್ಲಿನ ಮೇಲಿನ ಇಬ್ಬನಿ ನೋಡಲಿ, ಅದನ್ನು ಯಾರೂ ಬಿಂದಿಗೆಯಲ್ಲಿ ಹೊತ್ತುತಂದು ಚೆಲ್ಲಿರುವುದಿಲ್ಲ. ಒತ್ತಿದ ಗಾಳಿ ಕೊಳವೆಯಲ್ಲಿ ತಣ್ಣಗಾಗುತ್ತಾ ಬಂದಂತೆ ಆ ನೀರು ಹನಿಗಟ್ಟಿ, ಬಣ್ಣದ ಜೊತೆಗೆ ಹೊರಬಿದ್ದು, ಮಿರಿಮಿರಿ ಮಿಂಚಬೇಕಾದ ಬಾನೆಟ್ಟು ಒಗ್ಗರಣೆ ಸಿಡಿದ ಅಡುಗೆಮನೆ ಗೋಡೆಯ ಹಾಗೆ ಆಗುತ್ತಿತ್ತು. ಖಾದರ್ ಬಯ್ಯಿಸಿಕೊಳ್ಳುತ್ತಿದ್ದ, ಕೆರೆದು ಮತ್ತೆ ಹೊಡೆಯುತ್ತಿದ್ದ. ಹೀಗಿರುವಾಗ ಒಂದು ದಿನ ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆಯೊಂದು ಬಂದಿಳಿಯಿತು. ಗಾಳಿಯನ್ನು ದಾರಿಯಲ್ಲೇ ಹಿಡಿದು, ತಣ್ಣಗೆ ಮಾಡಿ, ಅದರ ನೀರನ್ನು ಅಲ್ಲೇ ಇಳಿಸಿಕೊಂಡು, ಒಣಗಿದ ಗಾಳಿಯನ್ನಷ್ಟೇ ಮುಂದಕ್ಕೆ ಕಳಿಸುವ ಯಂತ್ರ.

ಪೆಟ್ಟಿಗೆಯ ಜೊತೆಗೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ಫೋರ್‌ಮನ್ ಶ್ರೀನಿವಾಸಯ್ಯನವರು ಅದನ್ನು ಓದಬಲ್ಲವರು ಯಾರೆಂದು ಕೇಳಿದಾಗ, ಮಿಡ್ಲ್ ಸ್ಕೂಲ್ ಪಾಸಾಗಿದ್ದ ನಾನು ಕೈಯೆತ್ತಿದೆ. ಅರ್ಧ ಓದಿದೆ, ಅರ್ಧ ಊಹಿಸಿದೆ. ಯಂತ್ರ ಗೋಡೆಯಿಂದ ಎರಡು ಮೊಳ ದೂರವಿರಬೇಕು, ಅದಕ್ಕೂ ಉಸಿರಾಡಲು ಜಾಗ ಬೇಕು. ನೆಲ ಸಮವಾಗಿರಬೇಕು, ರಸಮಟ್ಟದ ಪಟ್ಟಿ ಸಿಗದೆ ನಾನು ಊಟದ ತಟ್ಟೆಯಲ್ಲಿ ನೀರು ತುಂಬಿಟ್ಟು ಮಟ್ಟ ನೋಡಿದೆ. ಒಳಗೆ ಬರುವ ಗಾಳಿಯ ಕೊಳವೆ ಯಾವುದು, ಹೊರಗೆ ಹೋಗುವುದು ಯಾವುದು ಎಂದು ಮೂರು ಸಲ ಪುಸ್ತಕ ನೋಡಿ ಜೋಡಿಸಿದೆ, ಮೂರನೆಯ ಸಲವೂ ತಿರುಗಾಮುರುಗಾ ಆಗಿತ್ತೆಂಬುದು ಖಾದರ್‌ಗೆ ಮಾತ್ರ ಗೊತ್ತು. ಮೊದಲು ತಂಪಿನ ಮೋಟಾರು ಹಾಕಬೇಕು, ತಂಪು ತೋರಿಸುವ ಮುಳ್ಳು ಇಳಿದು ನಿಲ್ಲುವ ತನಕ ಕಾಯಬೇಕು, ಆಮೇಲೆ ಗಾಳಿಯ ವಾಲ್ವನ್ನು ಹೊಸ ಸೊಸೆ ಬಾಗಿಲು ತೆಗೆದಷ್ಟು ಮೆಲ್ಲಗೆ ತೆಗೆಯಬೇಕು. ತೀರಾ ತಣ್ಣಗಾದರೆ ಒಳಗೆ ಮಂಜುಗಡ್ಡೆ ಕಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಳಿದ ನೀರು ಸೇರುವ ಗಡಿಗೆಯಂಥ ಪಾತ್ರೆಯೊಂದು ಕೆಳಗಿದೆ. ಅದರ ನಲ್ಲಿಯನ್ನು ಅರ್ಧ ಗಂಟೆಗೊಮ್ಮೆ ತಿರುಗಿಸಿ ನೀರು ಬಿಡಬೇಕು. ಬಿಟ್ಟಾಗ ಪುಸ್ ಎಂದು ಒಂದು ಸದ್ದು, ಒಂದಿಷ್ಟು ಹನಿ, ಅಷ್ಟೇ.

ಇಷ್ಟನ್ನೂ ಕಲಿತ ಮೇಲೆ ನನ್ನ ನಡಿಗೆಯೇ ಬದಲಾಯಿತೆಂದು ನಮ್ಮವ್ವ ಹೇಳುತ್ತಿದ್ದಳು. ಯಂತ್ರವನ್ನು ಬೇರೆ ಯಾರೂ ಮುಟ್ಟದಿರಲೆಂದು ಆ ನಲ್ಲಿಯ ಹಿಡಿಯನ್ನೇ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಒಂದು ದಿನ ಯಂತ್ರದ ಹಿಂದೆ ಬೆಚ್ಚನೆಯ ಗಾಳಿ ಬರುವ ಜಾಲರಿಯ ಮೇಲೆ ಖಾದರ್ ತನ್ನ ಹೆಗಲ ಮೇಲಿನ ಒದ್ದೆ ವಲ್ಲಿ ಹರವಿದ್ದನ್ನು ಕಂಡು ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. "ಗಾಳಿ ಒಣಗಿಸೋದು ಒಂದು ವಲ್ಲಿ ಒಣಗಿಸ್ಬಾರದೇನ್ ಗುರು?" ಎಂದು ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂದಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನಗೊಬ್ಬಳು ತಂಗಿ, ಗೌರಿ. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ಹೆಗಲ ಮೇಲಿತ್ತು. ನಮ್ಮ ಸೋದರಮಾವ ನಂದಗುಡಿಯ ಕಡೆಯಿಂದ ಒಂದು ಸಂಬಂಧ ತಂದ. ಗಂಡಿನ ತಂದೆ ಮುನಿಶಾಮಪ್ಪನವರು. ರಾಗಿ ಹೊಲ, ತರಕಾರಿ ತೋಟ, ನಾಲ್ಕು ಕರೆಯುವ ಹಸು. ಊರಿನ ಕೆರೆಯಿಂದ ನೀರು ಬಿಡುವ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಹೇಳುವ ಮರ್ಯಾದೆಯೂ ಅವರ ಮನೆತನದ್ದೇ. ಹುಡುಗ ತರಕಾರಿ ಗಾಡಿಯ ಜೊತೆ ಸಂತೆಗೆ ಬಂದಾಗ ಗೌರಿ ಅವನನ್ನು ನೋಡಿದ್ದಳು. ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಆಮೇಲೆ ನಮ್ಮ ಮನೆಗೆ ಸಂತೆಯ ದಿನ ಮಾತ್ರ ಬದನೆಕಾಯಿ ಬೇಕಾಗುತ್ತಿತ್ತು. ಎಲ್ಲ ಸರಿಯಾಯಿತು ಎನ್ನುವಾಗ ಮುನಿಶಾಮಪ್ಪನವರು ಹೆಣ್ಣಿನ ಅಣ್ಣನಿಗೆ ಏನು ಕೆಲಸವೆಂದು ಕೇಳಿದರಂತೆ. ಮಾವ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ಆ ಅಣ್ಣನ ತಲೆ ನೆಟ್ಟಗಿದೆಯೇ ಎಂದು ವಿಚಾರಿಸಿದರಂತೆ. ನೆಟ್ಟಗಿದ್ದರೆ ಸುಳ್ಳು ಹೇಳುತ್ತಿದ್ದಾನೆ, ಎರಡರಲ್ಲಿ ಯಾವುದಾದರೂ ಆ ಮನೆಯ ಹೆಣ್ಣು ತರುವ ಮುಂಚೆ ಯೋಚಿಸಬೇಕು ಎಂಬುದು ಅವರ ಲೆಕ್ಕ. ತಾವೇ ಬಂದು ಆ ಕೆಲಸವನ್ನು ಕಣ್ಣಾರೆ ನೋಡುತ್ತೇವೆ ಎಂದು ಹೇಳಿಕಳಿಸಿದರು.

ಅವ್ವ ಅಳುಮೋರೆ ಹಾಕಿಕೊಂಡು ಕೂತಳು. ನಾನು ಮಾತ್ರ ಹಿಗ್ಗಿದೆ. ನನ್ನ ಯಂತ್ರವನ್ನು ನೋಡಲು ನಂದಗುಡಿಯಿಂದ ಜನ ಬರುತ್ತಾರೆಂದರೆ ಸಾಮಾನ್ಯವೇ? ಶ್ರೀನಿವಾಸಯ್ಯನವರ ಕೈಕಾಲು ಹಿಡಿದು ಅಪ್ಪಣೆ ಪಡೆದೆ. ಅವರು ಬರುವ ದಿನ ಬೆಳಗ್ಗೆ ನಾನು ಹೊರಡುವ ಹೊತ್ತಿಗೆ ಗೌರಿ ಬಾಗಿಲ ಬಳಿ ನಿಂತು, "ಅಣ್ಣಾ, ಅವ್ರ ಮುಂದೆ ಜಾಸ್ತಿ ಮಾತಾಡ್ಬೇಡ, ತೋರಿಸ್ಬುಟ್ಟು ಕರ್ಕೊಂಬಾ," ಎಂದಳು. ಅವಳು ನನಗೆ ಬುದ್ಧಿ ಹೇಳಿದ್ದು ಅದೇ ಮೊದಲು. ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಚಿಂತೆಯೇ ಬೇರೆ. ಅಷ್ಟು ದೂರದಿಂದ ಬಂದ ಗಂಡಿನ ಕಡೆಯವರಿಗೆ, ಪುಸ್ ಎಂದು ಒಂದಿಷ್ಟು ಹನಿ ತೋರಿಸಿ ಇದೇ ನನ್ನ ಕೆಲಸವೆನ್ನುವುದೇ? ನಮ್ಮಲ್ಲಿ ಮನೆಗೆ ಬಂದವರಿಗೆ ಚೊಂಬಿನ ತುಂಬ ನೀರು ಕೊಡುವುದು ಪದ್ಧತಿ. ಅರ್ಧ ಚೊಂಬು ಕೊಟ್ಟರೆ ಅವಮಾನ. ಗಾಳಿಯ ನೀರಾದರೇನು, ಚೊಂಬು ತುಂಬಲೇಬೇಕು. ಮನೆಯ ಹಿತ್ತಾಳೆ ಚೊಂಬನ್ನು ಹುಣಿಸೇಹಣ್ಣು ಹಚ್ಚಿ ಬೆಳಗಿಸಿಕೊಂಡು ಹೋದೆ. ಬೆಳಗ್ಗೆ ಯಂತ್ರ ಹಾಕಿದವನು ನೀರಿನ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ ಹಿಡಿಯನ್ನು ಜೇಬಿಗೆ ಸೇರಿಸಿದೆ. ಅವರು ಒಂಬತ್ತಕ್ಕೆ ಬರುವರು, ಅಷ್ಟು ಹೊತ್ತಿಗೆ ಸರಿಯಾಗಿ ಒಂದು ಚೊಂಬು ಸೇರಿರುತ್ತದೆ, ಇದು ನನ್ನ ಲೆಕ್ಕ.

ಆದರೆ ಅವರು ಬರಬೇಕಾದದ್ದು ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಸಿಕ್ಕಿದರೆ ಜನ ಇಳಿದು ತಳ್ಳುತ್ತಿದ್ದರು. ಒಂಬತ್ತಾಯಿತು, ಹತ್ತಾಯಿತು. ನೀರು ಬಿಟ್ಟುಬಿಡಲೇ ಎಂದು ಒಂದು ಮನಸ್ಸು. ಬಿಟ್ಟ ಮರುಕ್ಷಣವೇ ಅವರು ಬಂದರೆ? ಹತ್ತೂವರೆಗೆ ನನ್ನ ದುರಾಸೆ ಇನ್ನೊಂದು ಮೆಟ್ಟಿಲು ಹತ್ತಿತು: ಇನ್ನು ಸ್ವಲ್ಪ ತಡೆದರೆ ಎರಡು ಚೊಂಬು. ಶ್ರಾವಣದ ಮೋಡ, ಹೊರಗೆ ಜಿಟಿಜಿಟಿ ಹನಿ, ಗಾಳಿಯಲ್ಲಿ ಬೇಕಾದಷ್ಟು ತೇವ. ಆ ದಿನವೇ ಖಾದರ್ ಪಕ್ಕದ ಷೆಡ್ಡಿನಲ್ಲಿ ವರ್ಕ್‌ಶಾಪಿನ ದೊಡ್ಡ ಸಾಹೇಬರ ಕಾರಿಗೆ ಕೊನೆಯ ಕೈ ಬಣ್ಣ ಹೊಡೆಯುತ್ತಿದ್ದಾನೆಂಬುದು ನನಗೆ ಗೊತ್ತಿತ್ತು. ಆದರೆ ಆಗ ನನ್ನ ಮನಸ್ಸೆಲ್ಲ ಚೊಂಬಿನಲ್ಲಿತ್ತು.

ಹನ್ನೊಂದೂವರೆಗೆ ಮಾವ ಅವರನ್ನು ಕರೆತಂದ. ಮುನಿಶಾಮಪ್ಪನವರು ದೊಡ್ಡ ರುಮಾಲು ಸುತ್ತಿದ, ಮಾತು ಕಡಿಮೆಯ ಆಸಾಮಿ; ಬಸ್ಸು ತಳ್ಳಿದ್ದರಿಂದ ಕೈಗೆ ಮಸಿಯಾಗಿತ್ತು. ನಾನು ಇಬ್ಬನಿಯಿಂದ ಶುರುಮಾಡಿದೆ. ಕಂಪ್ರೆಸರ್ ತೋರಿಸಿದೆ, ಮುಳ್ಳು ತೋರಿಸಿದೆ, ಪುಸ್ತಕ ತೋರಿಸಿದೆ, ಇಡೀ ತಾಲ್ಲೂಕಿನಲ್ಲಿ ಇದನ್ನು ನಡೆಸಬಲ್ಲವನು ಒಬ್ಬನೇ ಎಂದು ತಿಳಿಸಿ ಆ ಒಬ್ಬನ ಹೆಸರನ್ನು ವಿನಯದಿಂದ ಹೇಳಲಿಲ್ಲ. ಕೊನೆಗೆ ಜೇಬಿನಿಂದ ಹಿಡಿ ತೆಗೆದು, ಚೊಂಬನ್ನು ನಲ್ಲಿಯ ಕೆಳಗೆ ಹಿಡಿದು ಬಗ್ಗಿದೆ. ಅಷ್ಟರಲ್ಲಿ ಷೆಡ್ಡಿನಿಂದ ಖಾದರ್ ಕೂಗಿಕೊಂಡ.

ಎಲ್ಲರೂ ಓಡಿದೆವು. ಖಾದರನ ಗನ್ನು ಕೆಮ್ಮುತ್ತಿತ್ತು. ಒಂದು ಸಲ ಬಣ್ಣ, ಎರಡು ಸಲ ನೀರು. ದೊಡ್ಡ ಸಾಹೇಬರ ಕಾರಿನ ಬಾನೆಟ್ಟು ಉದ್ದಕ್ಕೂ ಚುಕ್ಕೆಚುಕ್ಕೆಯಾಗಿತ್ತು. ಶ್ರೀನಿವಾಸಯ್ಯನವರು ಬಂದು ಅದನ್ನು ನೋಡಿ, ಗನ್ ತೊಳೆದಿದ್ದೆಯಾ ಎಂದು ಖಾದರನನ್ನು ಕೇಳಿದರು. ಖಾದರ್ ನನ್ನ ಕಡೆ ನೋಡಿದ. ಈಗ ಹೇಳಲು ನಾಚಿಕೆಯಾಗುತ್ತದೆ: ಗಂಡಿನ ಕಡೆಯವರು ಎದುರಿಗಿದ್ದಾರೆಂಬ ಒಂದೇ ಕಾರಣಕ್ಕೆ, "ತೊಳೆದಿರಲಿಕ್ಕಿಲ್ಲ ಸಾರ್" ಎಂಬ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಖಾದರ್ ಗನ್ನನ್ನು ಕೆಳಗಿಟ್ಟು ಕೈ ಒರೆಸಿಕೊಂಡ.

ಮುನಿಶಾಮಪ್ಪನವರು ಮಾತ್ರ ಅಲ್ಲಿ ನಿಲ್ಲಲಿಲ್ಲ. ಮೆಲ್ಲಗೆ ಯಂತ್ರದ ಬಳಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕುಳಿತು, ಕೆಳಗಿನ ಪಾತ್ರೆಯನ್ನು ಬೆರಳ ಗಿಣ್ಣಿನಿಂದ ಬಡಿದರು. ತುಂಬಿದ ಗಡಿಗೆಯ ಸದ್ದು ಬಂತು. ಇನ್ನೂ ಮೇಲೆ ಬಡಿದರು, ಅಲ್ಲಿಯೂ ಅದೇ ಸದ್ದು.

"ಇದ್ರ ತೂಬು ಎಲ್ಲೈತಪ್ಪಾ?" ಎಂದರು.

ಎಲ್ಲರೂ ಅವರ ಹಿಂದೆಯೇ ಬಂದಿದ್ದೆವು; ನಾನು ನಲ್ಲಿ ತೋರಿಸಿದೆ.

"ತೂಬು ಇಳಿಸ್ಬುಟ್ಟು ಕೂತ್ರೆ ಕೋಡಿ ಬೀಳ್ದೆ ಇನ್ನೇನಾಗ್ತೈತೆ? ನಮ್ಮ ಕೆರೇನೂ ಹಿಂಗೇ ಕಣಪ್ಪಾ. ನೀರು ಮುಂದ್ಕೆ ಹೋಗೈತೆ. ಇದ್ರ ಹಿಡಿ ಯಾರ ತಾವ ಇರ್ತೈತೆ?"

ಯಾರೂ ಉತ್ತರ ಹೇಳುವ ಅಗತ್ಯವಿರಲಿಲ್ಲ. ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫಳಫಳ ಹೊಳೆಯುವ ಚೊಂಬು ಹಿಡಿದು ನಾನು ನಿಂತಿದ್ದೆ. ಇಂಗ್ಲಿಷ್ ಪುಸ್ತಕವನ್ನು ಮೂರು ಸಲ ಓದಿದ ನನಗೆ ಹೊಳೆಯದ್ದು, ಯಂತ್ರವನ್ನು ಮೊದಲ ಸಲ ನೋಡಿದವರಿಗೆ ಹೊಳೆದಿತ್ತು. ನನ್ನ ಹೆಮ್ಮೆಯೆಲ್ಲ ಆ ಕ್ಷಣಕ್ಕೆ ಎಲ್ಲಿಗೆ ಹೋಯಿತೋ ತಿಳಿಯದು. "ಖಾದರ್‌ದು ತಪ್ಪಿಲ್ಲ ಸಾರ್," ಎಂದು ಶ್ರೀನಿವಾಸಯ್ಯನವರಿಗೆ ಹೇಳಿದೆ. "ಬೆಳಗ್ಗಿಂದ ಮುಚ್ಚಿಟ್ಟೋನು ನಾನೇ. ಇವ್ರಿಗೆ ಒಂದು ಚೊಂಬು ತೋರಿಸ್ಬೇಕು ಅಂತ."

ನಲ್ಲಿ ತಿರುಗಿಸಿದಾಗ ನೀರು ಬುಸುಗುಟ್ಟಿಕೊಂಡು ನುಗ್ಗಿತು. ಚೊಂಬು ತುಂಬಿತು, ಚೆಲ್ಲಿ ಮತ್ತೆ ತುಂಬಿತು, ನೆಲದ ಮೇಲೂ ಹರಿಯಿತು. ನಾನು ಬಯಸಿದ್ದ ದೃಶ್ಯವೇ, ನೋಡಬೇಕಾದವರೂ ನೋಡುತ್ತಿದ್ದರು, ನನಗೆ ಮಾತ್ರ ತಲೆಯೆತ್ತಲು ಆಗಲಿಲ್ಲ. ಮುನಿಶಾಮಪ್ಪನವರು ಆ ನೀರಿಗೆ ಬೆರಳದ್ದಿ ಮೂಸಿ ನೋಡಿ, ಎಣ್ಣೆ ವಾಸನೆ ಎಂದು ರುಮಾಲಿನ ತುದಿಗೆ ಒರೆಸಿಕೊಂಡರು. ಶ್ರೀನಿವಾಸಯ್ಯನವರು ಬಾನೆಟ್ಟನ್ನು ನಾನೇ ಕೆರೆಯಬೇಕೆಂದು ತೀರ್ಪು ಕೊಟ್ಟರು. ಅದನ್ನು ಸಹಿಸಿಕೊಂಡೆ. ಆಮೇಲೆ ಹಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಯಾರು ಬೇಕಾದರೂ ತಿರುಗಿಸುವಂತೆ ನಲ್ಲಿಗೆ ತಂತಿ ಸುತ್ತಿ ಕಟ್ಟಿಸಿದರು. ಅದು ಕರುಳಿಗೇ ತಾಗಿತು.

ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ಮಾಡಿದ್ದರು. ಮುನಿಶಾಮಪ್ಪನವರು ಎರಡು ಮುದ್ದೆ ಉಂಡರು. ಗೌರಿ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಎಲೆಯಡಿಕೆ ಹಾಕಿಕೊಂಡಾದ ಮೇಲೆ ಅವರು ಅವ್ವನ ಕಡೆ ತಿರುಗಿದರು.

"ನಿಮ್ ಹುಡುಗನ ಕೆಲ್ಸ ಸುಳ್ಳಲ್ಲ ಕಣಮ್ಮಾ. ಗಾಳೀಲಿ ನೀರೈತೆ, ನಾನೇ ನೋಡ್ದೆ. ಇವನು ಒಂದೊಪ್ಪತ್ತು ಕೈ ಬಿಟ್ಟಿದ್ಕೆ ಅಷ್ಟು ದೊಡ್ಡ ಕಾರು ಕೆಟ್ಟೋಯ್ತು. ದಿನಾ ಕೆಡ್ದಂಗೆ ನೋಡ್ಕೋತಾನೆ ಅಂದ್ರೆ ಅದೂ ಒಂದು ಕೆಲ್ಸಾನೇ. ಹೆಣ್ಣು ತಗೋತೀವಿ." ರುಮಾಲು ಸರಿಮಾಡಿಕೊಂಡು ಮತ್ತೆ ಹೇಳಿದರು: "ಆದ್ರೆ ಮದ್ವೆ ಮನೇಲಿ ನೀರಿನ ಉಸ್ತುವಾರಿ ಮಾತ್ರ ಇವನಿಗೆ ಕೊಡ್ಬೇಡಿ."

ಒಳಗೆ ಗೌರಿ ನಕ್ಕದ್ದು ನನಗೆ ಕೇಳಿಸಿತು. ಮಾರನೆಯ ದಿನ ನಾನು ಬಾನೆಟ್ಟು ಕೆರೆಯುತ್ತಿದ್ದಾಗ ಖಾದರ್ ಬಂದು ಇನ್ನೊಂದು ಕೊನೆಯಿಂದ ಕೆರೆಯತೊಡಗಿದ. ಅವನ ಒದ್ದೆ ವಲ್ಲಿಯನ್ನು ನಾನೇ ತೆಗೆದುಕೊಂಡು ಹೋಗಿ ಜಾಲರಿಯ ಮೇಲೆ ಹರವಿ ಬಂದೆ.

ಮದುವೆಯಲ್ಲಿ ಮುನಿಶಾಮಪ್ಪನವರ ಮಾತನ್ನು ಚಾಚೂ ತಪ್ಪದೆ ನಡೆಸಿದರು. ನೀರಿನ ಹಂಡೆಯ ಹತ್ತಿರಕ್ಕೂ ಬಿಡದೆ ನನ್ನ ಕೈಗೊಂದು ಬೀಸಣಿಗೆ ಕೊಟ್ಟು ಹಿರಿಯರಿಗೆ ಗಾಳಿ ಬೀಸಲು ನಿಲ್ಲಿಸಿದರು. ತೂಬಗೆರೆಯಿಂದ ಬಂದಿದ್ದ ಅವರ ನೆಂಟರೊಬ್ಬರು ಹೆಣ್ಣಿನ ಅಣ್ಣ ಏನು ಮಾಡುತ್ತಾರೆಂದು ವಿಚಾರಿಸಿದರು. "ಗಾಳಿ ಒಣಗಿಸ್ತಾರೆ," ಎಂದರು ಮುನಿಶಾಮಪ್ಪನವರು, ಎದೆಯುಬ್ಬಿಸಿಕೊಂಡು, ನಮ್ಮ ಹುಡುಗ ಅಮಲ್ದಾರ ಎನ್ನುವವರ ಧಾಟಿಯಲ್ಲಿ. ನೆಂಟರು ಮೊದಲು ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ಬೀಸಣಿಗೆ ನೋಡಿ ಅರ್ಥವಾಯಿತೆನ್ನುವಂತೆ ತಲೆಯಾಡಿಸಿದರು. ನಾನು ಸುಮ್ಮನಿರುವುದು ಹೇಗೆ? ಬೀಸಣಿಗೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಇಬ್ಬನಿಯಿಂದ ಶುರುಮಾಡೋಣವೆಂದು ಬಾಯಿ ತೆರೆದೆ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದ ಗೌರಿ ಆಗ ತಲೆಯೆತ್ತಿ ಒಂದೇ ಒಂದು ಸಲ ನನ್ನನ್ನು ನೋಡಿದಳು. ನಾನು ಬೀಸಣಿಗೆ ತೆಗೆದುಕೊಂಡು ಗಾಳಿ ಬೀಸತೊಡಗಿದೆ.