ಹೆಸರು ಕೆತ್ತಿದ ಡಬ್ಬಿಗಳು

ಇಬ್ಬರೋ ಮೂವರೋ ತನ್ನ ಹೆಸರಿನಲ್ಲಿ ಸೇರಿದರೆ ಅಲ್ಲಿ ತಾನಿರುತ್ತೇನೆಂದು ಯೇಸುಸ್ವಾಮಿ ಮಾತು ಕೊಟ್ಟಿದ್ದಾರೆ. ಇಪ್ಪತ್ತು ಮನೆಯವರು ಸೇರಿದರೆ ಏನಾಗುತ್ತದೆಂದು ಹೇಳಲಿಲ್ಲ. ಅದನ್ನು ನಮ್ಮ ಅನ್ಬಿಯಂ ನೋಡಿ ತಿಳಿಯಲಿ ಎಂದು ಬಿಟ್ಟಿರಬೇಕು.

ಅನ್ಬಿಯಂ ಎಂದರೆ ಅಕ್ಕಪಕ್ಕದ ಕಥೋಲಿಕ ಮನೆಗಳ ಗುಂಪು. ವಾರಕ್ಕೊಂದು ಮನೆಯಲ್ಲಿ ಸೇರುವುದು, ಮೇಣದಬತ್ತಿ ಹಚ್ಚಿ ಬೈಬಲ್ ಓದುವುದು, ಆ ವಾಕ್ಯ ನಮ್ಮ ಬಾಳಿನಲ್ಲಿ ಏನು ಮಾಡಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ತಮಿಳುನಾಡಿನ ನಿಲಕ್ಕೋಟ್ಟೈ ಪಕ್ಕದ ನಮ್ಮ ಬೀದಿಯ ಗುಂಪಿಗೆ, ಟೀಚರ್ ಕೆಲಸದಿಂದ ನಿವೃತ್ತಳಾದ ದಿನದಿಂದ, ನಾನೇ ಮುಂದಾಳು. ಪ್ರಾರ್ಥನೆ ತಮಿಳಿನಲ್ಲಿ. ಮನೆಯಲ್ಲಿ ಕನ್ನಡ ಆಡುವವರು ನಾನೂ ಹೂವಕ್ಕನೂ ಇಬ್ಬರೇ. ಹಾಗಾಗಿ ಇತರರ ವಿಷಯ ಮಾತಾಡಲು ನಮಗೆ ದೇವರು ಒಂದು ಪ್ರತ್ಯೇಕ ಭಾಷೆಯನ್ನೇ ದಯಪಾಲಿಸಿದ್ದಾನೆ.

ಬಿರಿಯಾನಿಯ ವರದಾನ

ಮೊದಮೊದಲು ಪ್ರಾರ್ಥನೆ ಮುಗಿದ ಮೇಲೆ ಟೀ, ಎರಡು ಚಕ್ಕುಲಿ. ಮುಂದಿನ ಮನೆಯವರು ಸುಂಡಲ್, ಅಂದರೆ ಕಡಲೆ ಉಸಲಿ, ಮಾಡಿದರು. ಅದರ ಮುಂದಿನವರು ಬಜ್ಜಿ ಕರಿದರು. ಬಜ್ಜಿ ಮನೆಗಿಂತ ತಾವೇನು ಕಡಿಮೆ ಎಂದು ಮತ್ತೊಬ್ಬರು ಕೇಸರಿಬಾತ್ ಸೇರಿಸಿದರು. ಹೀಗೆ ಬೆಳೆದು ಬೆಳೆದು, ಮೂಲೆಮನೆಯವರ ಸರದಿಗೆ ದಿಂಡಿಗಲ್ಲಿನಿಂದ ಒಂದು ಹಂಡೆ ಬಿರಿಯಾನಿ ಬಂತು. "ಏನೋ, ನಮ್ಮ ಕೈಲಾದಷ್ಟು" ಎಂದರು ಮನೆಯಾಕೆ, ತಲೆ ತಗ್ಗಿಸಿ.

ನಮ್ಮಲ್ಲೊಬ್ಬರು ನಿವೃತ್ತ ಪೋಸ್ಟ್‌ಮಾಸ್ಟರ್. ವಾಕ್ಯ ಯಾವುದೇ ಇರಲಿ, ಅವರು ಹಂಚಿಕೊಳ್ಳಲು ಕೂತರೆ ಅರ್ಧ ಗಂಟೆ. ಅಂದು ಅಡುಗೆಮನೆಯಿಂದ ಪರಿಮಳ ಬರುತ್ತಿತ್ತು. ಅವರು ಎದ್ದು, "ದೇವರು ಒಳ್ಳೆಯವನು" ಎಂದರು, ಕೂತರು.

ನಾನು ವರ್ಷಗಟ್ಟಲೆ ಉಪವಾಸವಿದ್ದು ಬೇಡಿಕೊಂಡರೂ ಆಗದ ಪವಾಡ ಅದು.

ಬರೀ ಟೀ

ಫಾದರ್ ಕಿವಿಗೆ ಬಿರಿಯಾನಿಯ ಸುದ್ದಿ ಬಿತ್ತು. ಇನ್ನು ಮುಂದೆ ಅನ್ಬಿಯಂನಲ್ಲಿ ಬರೀ ಟೀ ಎಂದು ಚರ್ಚಿನ ಭಾನುವಾರದ ಬಲಿಪೂಜೆಯಲ್ಲೇ ಹೇಳಿದರು. ಬಿಸ್ಕತ್ತು ಟೀಯ ಒಂದು ಭಾಗವೇ ಅಲ್ಲವೇ ಎಂಬ ಬಗ್ಗೆ ನಾವು ಮೂರು ವಾರ ಧ್ಯಾನ ಮಾಡಿದೆವು.

ಅದರ ಮುಂದಿನ ವಾರದ ಸರದಿ ದ್ರಾಕ್ಷಿಯಕ್ಕನದು. ತವರು ಹನುಮಂತನಪಟ್ಟಿ, ಅಲ್ಲಿ ಅಣ್ಣಂದಿರದು ದ್ರಾಕ್ಷಿ ತೋಟ. ಆಕೆ ವಿಧೇಯಳಾಗಿ ಬರೀ ಟೀ ಕೊಟ್ಟಳು. ನಾನು ದೇವರಿಗೆ ಸ್ತೋತ್ರ ಹೇಳಿ ಹೊರಬಂದರೆ, ಗೇಟಿನಾಚೆ ಆಕೆಯ ಗಂಡ ನಿಂತು ಒಬ್ಬೊಬ್ಬರಿಗೂ ಒಂದೊಂದು ಚೀಲ ದ್ರಾಕ್ಷಿ, ಮೇಲೊಂದು ಪೊಟ್ಟಣ ಮಿಕ್ಸ್ಚರ್ ಕೊಡುತ್ತಿದ್ದಾನೆ. ಇದೇನಮ್ಮ ಎಂದು ದ್ರಾಕ್ಷಿಯಕ್ಕನನ್ನು ಕೇಳಿದೆ.

"ಟೀಚರಕ್ಕಾ, ಅನ್ಬಿಯಂ ಒಳಗೆ ಮುಗಿಯಿತಲ್ಲ. ಇದು ರಸ್ತೆ."

ಬೈಬಲಿನಲ್ಲಿ ಬರುವ, ಶಾಸ್ತ್ರದ ಅಕ್ಷರ ಹಿಡಿದು ಜಗ್ಗುವ ಫರಿಸಾಯರು ಧರ್ಮಶಾಸ್ತ್ರ ಕಲಿಯಲು ಸುಮ್ಮನೆ ಜೆರುಸಲೇಮಿಗೆ ಹೋದರು. ನಮ್ಮ ಬೀದಿಗೆ ಬರಬಹುದಿತ್ತು.

ಹೂವಕ್ಕನ ಆಡು

ಹೂವಕ್ಕ ಬೆಳಗಿನ ಜಾವ ಮಲ್ಲಿಗೆ ಬಿಡಿಸಲು ಹೋಗುವವಳು, ಹಗಲಿಗೆ ಕೂತು ಕಟ್ಟುವವಳು. ಅವಳ ಸರದಿ ಬಂದಾಗಲೆಲ್ಲ ಏನೋ ಒಂದು ಅಡ್ಡ. ಒಮ್ಮೆ ಸುಣ್ಣ ಬಳಿಯಬೇಕು. ಒಮ್ಮೆ ಅತ್ತೆಗೆ ಮೈ ಸರಿಯಿಲ್ಲ. ಮೂರನೆಯ ಸಲ ಆಡು ಮರಿ ಹಾಕಿದೆ. ಅವಳಿಗೆ ನಮ್ಮಲ್ಲಿ ಆಸಕ್ತಿಯಿಲ್ಲ ಎಂದು ದ್ರಾಕ್ಷಿಯಕ್ಕ ಬಹಳ ಪ್ರೀತಿಯಿಂದ ಎಲ್ಲರಿಗೂ ಹೇಳಿದಳು. ಅಂಥವಳಿಗಾಗಿ ಪ್ರಾರ್ಥಿಸಬೇಕೆಂದು ಪೋಸ್ಟ್‌ಮಾಸ್ಟರು ಅರ್ಧ ಗಂಟೆ ಪ್ರಾರ್ಥಿಸಿದರು, ಅವಳ ಎದುರಿಗೇ.

ಮರುದಿನ ನಾನು ಅವಳ ಮನೆಗೆ ಹೋದೆ. ಒಂದೇ ಕೋಣೆ. ಆಡು ನಿಜವಾಗಿಯೂ ಮರಿ ಹಾಕಿತ್ತು. ಹೂವಕ್ಕ ನೂಲಿನಿಂದ ಕಣ್ಣೆತ್ತಲಿಲ್ಲ.

"ನನ್ನತ್ರ ನಾಕೇ ಲೋಟ ಐತಕ್ಕಾ. ಬಿರಿಯಾನಿ ತಿಂದ ಬಾಯಿಗೆ ನಾನೇನು ಕೊಡ್ಲಿ? ನನ್ನ ಹೆಸರು ತೆಗೆದುಬಿಡು. ನಾನು ಚರ್ಚಿಗೆ ಬಂದು ಹಿಂದೆ ನಿಂತ್ಕೊತೀನಿ, ಸಾಕು."

ಅನ್ಬಿಯಂ ಎಂಬ ಹೆಸರಿನಲ್ಲೇ ಅನ್ಬು ಇದೆ, ಪ್ರೀತಿ. ನಮ್ಮ ಪ್ರೀತಿ ತಾಳಲಾರದೆ ಒಬ್ಬಳು ಓಡಿಹೋಗುತ್ತಿದ್ದಳು. ನಾನು ಜಪಮಾಲೆ ಹಿಡಿದು ಕೂತು ಒಂದು ಉಪಾಯ ಬೇಡಿದೆ. ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ, ತಪಸ್ಸುಕಾಲ, ಹತ್ತಿರವಿತ್ತು. ಅದು ಶುರುವಾಗುವ ವಿಭೂತಿ ಬುಧವಾರ ಆದ ಮೇಲಿನ ಮೊದಲ ಶುಕ್ರವಾರಕ್ಕೆ ಅವಳ ಸರದಿ ಹಾಕಿದೆ. ಎಲ್ಲರಿಗೂ ಉಪವಾಸದ ದಿನ. ತಿಂಡಿಯ ಮಾತೇ ಏಳುವುದಿಲ್ಲ. ಹೂವಕ್ಕನೂ ಅರೆಮನಸ್ಸಿನಿಂದ ಒಪ್ಪಿದಳು. ದೇವಮಾತೆ ನನಗಿಂತ ಬುದ್ಧಿವಂತೆ ಎಂದುಕೊಂಡೆ.

ಬೀದಿಯವರು ನಮ್ಮಿಬ್ಬರಿಗಿಂತ ಬುದ್ಧಿವಂತರು.

ಬಲಗೈ, ಎಡಗೈ

ಪಾಪ ಹೂವಕ್ಕ ಏನು ಮಾಡಿಯಾಳು ಎಂದು ಹೆಚ್ಚುಕಡಿಮೆ ಪ್ರತಿ ಮನೆಯವರಿಗೂ ಕರುಳು ಚುರ್ರೆಂದಿತು. ಆ ಶುಕ್ರವಾರ ಬೆಳಗಿನಿಂದ ಒಬ್ಬೊಬ್ಬರೇ, ಇನ್ನೊಬ್ಬರಿಗೆ ತಿಳಿಯದಂತೆ, ಸೆರಗಿನಡಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಹೋಗಿ ಕೊಟ್ಟುಬಂದರು. ಒಂದರಲ್ಲಿ ವಡೆ, ಒಂದರಲ್ಲಿ ಅದಿರಸ ಎಂಬ ಕಜ್ಜಾಯ, ಒಂದರಲ್ಲಿ ಸುಂಡಲ್. ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೆತ್ತಿಸಿಕೊಳ್ಳುವುದು ವಾಡಿಕೆ. ಮನೆಯಲ್ಲಿ ಹೆಸರಿಲ್ಲದ ಡಬ್ಬಿಯೂ ಇದ್ದೇ ಇರುತ್ತದೆ. ಆದರೆ ಗುಟ್ಟಿನ ದಾನಕ್ಕೆ ಅಂದು ಯಾರ ಕೈಗೂ ಅದು ಸಿಗಲಿಲ್ಲ.

ಸಂಜೆ ಹೋದೆವು. ಎದುರುಗೋಡೆಯ ಹಲಗೆಯ ಮೇಲೆ ಸಾಲಾಗಿ ಡಬ್ಬಿಗಳು, ಎಲ್ಲ ಹೆಸರೂ ನಮ್ಮತ್ತ ಹೊಳೆಯುತ್ತಿವೆ. ಹೇಳದೆ ಕೇಳದೆ ಫಾದರೂ ಬಂದುಬಿಟ್ಟರು. ಅವರೇ ಬೈಬಲ್ ತೆರೆದು ಓದಿದ್ದು: ನೀನು ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ.

ಹೂವಕ್ಕ ಮೆಲ್ಲಗೆ ಎದ್ದಳು. ಒಂದೊಂದೇ ಡಬ್ಬಿಯನ್ನು ಹೆಸರು ಗೋಡೆಗೆ ಬರುವಂತೆ ತಿರುಗಿಸಿಟ್ಟಳು. ಬಂದು ಕೂತಳು.

ಆಮೇಲೆ ಹಂಚಿಕೊಳ್ಳಲು ಯಾರಿಗೂ ವಾಕ್ಯದಲ್ಲಿ ಏನೂ ಹೊಳೆಯಲಿಲ್ಲ.

ಟೀ ಬಂತು. ನಾಲ್ಕೇ ಲೋಟ. ನಾಲ್ವರು ಕುಡಿಯುವುದು, ತೊಳೆಯುವುದು, ಮತ್ತೆ ನಾಲ್ವರು. ಎಲ್ಲರ ಸರದಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಬಾಯಲ್ಲಿ ಬಜ್ಜಿಯಿಲ್ಲದ್ದರಿಂದ ಮಾತಾಡಲೇಬೇಕಾಯಿತು. ದ್ರಾಕ್ಷಿಯಕ್ಕ ಹೂವಕ್ಕನ ಅತ್ತೆಯ ಕಾಲುನೋವು ವಿಚಾರಿಸಿದಳು, ಆಡಿನ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೊನೆಗೆ ಪೋಸ್ಟ್‌ಮಾಸ್ಟರು ಹಲಗೆಯತ್ತ ನೋಡಿ, ಆ ಡಬ್ಬಿಗಳು ಯಾವುದಕ್ಕೆ ಎಂದು ಸುಮ್ಮನೆ ತಿಳಿಯಲು ಕೇಳಿದರು.

"ಅವಾ?" ಎಂದಳು ಹೂವಕ್ಕ. "ಉಪವಾಸ ಮುಗಿದ ಮೇಲೆ, ನಾಳೆ ತೋಟದಲ್ಲಿ ಹೂ ಬಿಡಿಸೋರಿಗೆ. ಯಾರು ಕೊಟ್ಟರು ಅಂತ ಹೇಳ್ಬಾರದಂತೆ. ಫಾದರ್ ಈಗ ತಾನೇ ಓದಿದ್ರಲ್ಲ." ನಾವು ಹೊರಡುವಾಗ ನನ್ನ ಬಳಿ ಬಂದು, "ನನ್ನ ಹೆಸರು ಪಟ್ಟಿಯಲ್ಲಿ ಇರಲಿ ಬಿಡಕ್ಕಾ" ಎಂದಳು.

ಭಾನುವಾರ ಅವಳು ಡಬ್ಬಿಗಳನ್ನು ತೊಳೆದು ಚರ್ಚಿನ ಜಗಲಿಯಲ್ಲಿ ಜೋಡಿಸಿಟ್ಟಿದ್ದಳು. ಪಕ್ಕದಲ್ಲಿ ಫಾದರ್ ನಗುತ್ತಾ ನಿಂತಿದ್ದರು. ತೆಗೆದುಕೊಂಡರೆ ಕೊಟ್ಟದ್ದು ತಾನೆಂದು ಒಪ್ಪಿದಂತೆ. ಎಲ್ಲರೂ ಮೇಲಿನ ಶಿಲುಬೆಯನ್ನು ಭಕ್ತಿಯಿಂದ ನೋಡುತ್ತಾ ದಾಟಿ ನಡೆದೆವು.

ಪೋಸ್ಟ್‌ಮಾಸ್ಟರು ಮಾತ್ರ ನಿಂತರು. ಏನೂ ಕೊಡದಿದ್ದವರು ಇಡೀ ಬೀದಿಯಲ್ಲಿ ಅವರೊಬ್ಬರೇ. ಎಲ್ಲಕ್ಕಿಂತ ದೊಡ್ಡ ಡಬ್ಬಿಯನ್ನೇ ಆರಿಸಿ ಕಂಕುಳಲ್ಲಿ ಇಟ್ಟುಕೊಂಡರು. ಅದರ ಮೇಲೆ ನನ್ನ ಹೆಸರಿತ್ತು. ಹೌದು, ನಾನೂ ಕೊಟ್ಟಿದ್ದೆ, ಅರವತ್ತು ಅದಿರಸ. ನಾನು ಅವರನ್ನೇ ನೋಡುತ್ತಾ ನಿಂತೆ.

ಅವರು ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ಚಿಂತೆ ಬಿಡಿ ಟೀಚರಮ್ಮ. ನೀವು ಕೊಟ್ಟದ್ದು ಯಾರಿಗೂ ತಿಳಿಯದ ಹಾಗೆ ಇದನ್ನು ನಮ್ಮ ಮನೆಯಲ್ಲೇ ಬಚ್ಚಿಟ್ಟಿರುತ್ತೇನೆ."